ನೊಗ, ಕದ, ಎರಡು ಬ್ಯಾರಲ್

ನಮ್ಮ ಮನೆ ಚೊಳಚಗುಡ್ಡದ ಕೆಳಗಿನ ಓಣಿಯಲ್ಲಿತ್ತು. ಮನೆಯ ಮುಂದೆ ದನದ ಕೊಟ್ಟಿಗೆ, ಅದರಾಚೆ ಎರಡೂವರೆ ಎಕರೆ ಹೊಲ, ಹೊಲದಾಚೆ ಮಲಪ್ರಭೆ. ಬನಶಂಕರಿ ಗುಡಿ ನಮ್ಮೂರ ಸೀಮೆಯಲ್ಲೇ ಇದೆ. ಹೊರಗಿನವರಿಗೆ ಗುಡಿಯ ಹೆಸರು ಹೇಳಿದ ಮೇಲೆಯೇ ನಮ್ಮೂರು ಎಲ್ಲಿದೆ ಎಂಬುದು ತಿಳಿಯುತ್ತದೆ.

2019ರ ಆಗಸ್ಟ್ 8ರ ರಾತ್ರಿ ನಡೆದದ್ದನ್ನು ಬರೆಯಲು ಕೂತಿದ್ದೇನೆ. ಅದಕ್ಕೂ ಮೊದಲು ಎತ್ತುಗಳ ವಿಷಯ ಹೇಳಬೇಕು.

ನಮ್ಮ ಮನೆಯವರಿಗೆ ಶರ್ಯತ್ತಿನ ಎತ್ತಿನ ಹುಚ್ಚು ಮೊದಲಿನಿಂದಲೂ ಇತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಗಾಡಿ ಓಟ ನಿಲ್ಲಿಸಿದಾಗ ನಾನು ಒಳಗೊಳಗೇ ಸಮಾಧಾನಪಟ್ಟಿದ್ದೆ. ಆಮೇಲೆ ಕರ್ನಾಟಕ ಸರಕಾರ ಕಾಯಿದೆಗೆ ತಿದ್ದುಪಡಿ ತಂದಿತು. 2018ರಲ್ಲಿ ಇವರು ಒಂದು ಜೋಡಿ ಕಿಲಾರಿ ತಂದರು. ಬಿಳಿ ಎತ್ತುಗಳು. ಬೆಲೆ ಒಂದು ಲಕ್ಷ ಎಂಬತ್ತು ಸಾವಿರ. ನನ್ನ ಎರಡು ತೊಲೆಯ ಬೋರಮಾಳ ಸರ ಬ್ಯಾಂಕಿಗೆ ಹೋಯಿತು.

ಆ ಎತ್ತುಗಳಿಗೆ ಹೊಲದ ಕೆಲಸ ಇರಲಿಲ್ಲ. ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತಿತ್ತು. ಎತ್ತುಗಳಿಗೆ ಹುರುಳಿ ಕುದಿಸಬೇಕು, ಹತ್ತಿಕಾಳಿನ ಹಿಂಡಿ ನೆನೆಸಬೇಕು. ದಿನಕ್ಕೆ ಎಂಟು ಮೊಟ್ಟೆ, ಎರಡು ಲೀಟರ್ ಹಾಲು. ನಮ್ಮ ಮಕ್ಕಳಿಗೆ ಅರ್ಧ ಲೀಟರ್. ಈ ಲೆಕ್ಕ ನನಗೆ ಮರೆಯುವುದಿಲ್ಲ. ಬೆಳಗಿನ ನಾಲ್ಕೂವರೆಗೆ ಅವನ್ನು ಹೊಳೆಯ ಉಸುಕಿನಲ್ಲಿ ಓಡಿಸಲು ಒಯ್ಯುತ್ತಿದ್ದರು. ಹೊಳೆಯಲ್ಲಿ ನೀರು ಇರುತ್ತಿರಲಿಲ್ಲ. ನವಿಲುತೀರ್ಥದ ಜಲಾಶಯ ವರ್ಷಗಟ್ಟಲೆ ತುಂಬಿರಲಿಲ್ಲ. ಹೊಳೆ ನಮಗೆ ಎತ್ತು ಓಡಿಸುವ ಬಯಲಾಗಿತ್ತು. ಕುಡಿಯುವ ನೀರನ್ನೂ ಬ್ಯಾರಲಿನಲ್ಲಿ ಹೇರಿ ತರುತ್ತಿದ್ದೆವು. ನೀಲಿ ಪ್ಲಾಸ್ಟಿಕ್ಕಿನ, ಬೂಚು ಬಿಗಿಯುವ ಇನ್ನೂರು ಲೀಟರಿನ ಬ್ಯಾರಲ್‌ಗಳು. ಎರಡಿದ್ದವು.

ನಮ್ಮ ಕಡೆಯ ಶರ್ಯತ್ತು ಹೀಗೆ. ಖಾಲಿ ಗಾಡಾಕ್ಕೆ ಜೋಡಿ ಹೂಡಿ ಒಂದು ನಿಮಿಷ ಓಡಿಸುತ್ತಾರೆ. ಎಷ್ಟು ಅಡಿ ಓಡಿದವು ಎಂದು ಟೇಪು ಹಿಡಿದು ಅಳೆಯುತ್ತಾರೆ. ಅಡಿ ಆದ ಮೇಲೆ ಇಂಚು. ಗೆದ್ದವರಿಗೆ ಬೈಕು, ಬೆಳ್ಳಿ ಖಡೆ, ರೊಕ್ಕ. ನಮ್ಮ ಜೋಡಿ ಒಂದು ವರ್ಷದಲ್ಲಿ ಏಳು ಕಡೆ ಓಡಿತು. ಒಂದು ಕಡೆ ಎರಡನೇ ಬಹುಮಾನ ಬಂತು. ಉಳಿದ ಕಡೆ ಚಾ, ಊಟ, ಹೆಗಲ ಮೇಲೆ ಒಂದು ಟವೆಲ್ಲು.

ಆ ಮಾಲಕರೆಲ್ಲ ಒಬ್ಬರಿಗೊಬ್ಬರು ಗೊತ್ತು. ಮುನವಳ್ಳಿ, ರಾಮದುರ್ಗ, ಕೊಣ್ಣೂರ, ಹೊಳೆಆಲೂರ, ಪಟ್ಟದಕಲ್ಲು, ಹುನಗುಂದ. ಬಾದಾಮಿ ಕಡೆ ಶರ್ಯತ್ತು ಇದ್ದರೆ ಹಿಂದಿನ ರಾತ್ರಿ ನಮ್ಮ ಮನೆಯಲ್ಲೇ ಬಂದು ಇಳಿಯುತ್ತಿದ್ದರು. ಎಂಟು ಹತ್ತು ಜನ. ನಾನು ಅರವತ್ತು ರೊಟ್ಟಿ ಬಡಿಯುತ್ತಿದ್ದೆ. ಅವರು ಅಂಗಳದಲ್ಲಿ ಕೂತು ನಡುರಾತ್ರಿ ತನಕ ಒಂದೇ ವಿಷಯ ಮಾತಾಡುತ್ತಿದ್ದರು. ಯಾರ ಎತ್ತು ಎಡಕ್ಕೆ ಎಳೆಯುತ್ತದೆ, ಯಾರ ಎತ್ತು ಜನ ಕಂಡರೆ ಬೆದರುತ್ತದೆ. ಹೊಳೆಯಾಚೆ, ರೋಣದ ಕಡೆಯ ಮಾಲಕರೊಬ್ಬರು ಇದ್ದರು. ಅವರಿಗೂ ನಮ್ಮವರಿಗೂ ಒಂದು ಜಾತ್ರೆಯಲ್ಲಿ ಮೂರು ಅಡಿಯ ಸಲುವಾಗಿ ಜಗಳವಾಗಿತ್ತು. ಟೇಪನ್ನು ಗಾಲಿಯಿಂದ ಹಿಡಿಯಬೇಕೋ ನೊಗದಿಂದ ಹಿಡಿಯಬೇಕೋ ಎಂಬುದು ಜಗಳ. ಜಗಳವಾದ ಮೇಲೂ ಊಟಕ್ಕೆ ಬರುತ್ತಿದ್ದರು. ಊಟಕ್ಕೆ ಕೂತು ಮತ್ತೆ ಅದನ್ನೇ ತೆಗೆಯುತ್ತಿದ್ದರು.

ನನಗೆ ಆ ಗೆಳೆತನದ ಮೇಲೆ ಸಿಟ್ಟಿತ್ತು. ಬಡಿಸುವಾಗ ಮುಖ ತೋರಿಸುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟರೆ ಮುಂದೆ ಬರೆಯುವುದಕ್ಕೆ ಅರ್ಥವಿರುವುದಿಲ್ಲ.

ಆಗಸ್ಟ್ 5, ಸೋಮವಾರ ನಾಗರ ಪಂಚಮಿ. ನಾದಿನಿ ಮಕ್ಕಳೊಂದಿಗೆ ತವರಿಗೆ ಬಂದಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಮಾಡಿದ್ದೆವು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ನಮ್ಮಲ್ಲಿ ಮಳೆ ಇರಲಿಲ್ಲ. ಮೋಡ ಇತ್ತು, ಆಗೊಮ್ಮೆ ಈಗೊಮ್ಮೆ ಹನಿ. ಮಳೆ ಎಲ್ಲ ಮೇಲೆ, ಖಾನಾಪುರದ ಕಾಡಿನಲ್ಲಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ದಿನವಿಡೀ ಸುರಿಯುತ್ತಿದೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು.

ಮಂಗಳವಾರ ಹೊಳೆಗೆ ಕೆಂಪು ನೀರು ಬಂತು. ಊರೆಲ್ಲ ನೋಡಲು ಹೋಯಿತು. ಇಷ್ಟು ವರ್ಷದ ಮೇಲೆ ದಂಡೆಯಿಂದ ದಂಡೆಗೆ ನೀರು. ಖುಷಿಯಾಗಿತ್ತು. ಬುಧವಾರ ಮುಂಜಾನೆ ನಾವು ಓಣಿಯ ಹೆಂಗಸರು ಹೋಗಿ ಹೊಳೆವ್ವಗೆ ಉಡಿ ತುಂಬಿದೆವು. ಕುಪ್ಪಸದ ಖಣ, ಕೊಬ್ಬರಿ, ಅಕ್ಕಿ, ಅರಿಷಿಣ ಕುಂಕುಮ. ಅತ್ತೆ ಕೈಮುಗಿದು, ‘ಹಿಂಗ ಬಾರವ್ವ ತಾಯಿ ವರ್ಷಾ’ ಎಂದರು.

ಆ ರಾತ್ರಿ ಒಂಬತ್ತಕ್ಕೆ ಮೊದಲ ಫೋನ್ ಬಂತು. ರಾಮದುರ್ಗದ ಮಾಲಕರದು.

‘ಇಲ್ಲಿ ಊರಾಗ ಹೊಕ್ಕೈತಿ. ಡ್ಯಾಮಿನ ನೀರು ಬಿಟ್ಟಾರ. ನಿಮ್ಮ ಕಡೆ ನಾಳೆ ಬರ್ತೈತಿ. ಎತ್ತು ಮ್ಯಾಲ ಒಯ್ರಿ.’

ಇವರು ‘ಹೂಂ ಹೂಂ’ ಎಂದರು. ನನಗೆ ಹೇಳಲಿಲ್ಲ. ಮರುದಿನ ಹೇಳಿದರು.

ಗುರುವಾರ ಬೆಳಿಗ್ಗೆ ಊರಲ್ಲಿ ಡಂಗುರ ಸಾರಿದರು. ಕೆಳಗಿನ ಓಣಿಯವರು ಮೇಲೆ ಹೋಗಬೇಕು ಎಂದು. ಅರ್ಧ ಜನ ಹೊರಟರು, ಅರ್ಧ ಜನ ನಿಂತರು. ನಾವು ನಿಂತವರು. ಕಾರಣ 2009. ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಮಹಾಪೂರ ಬಂದಾಗ ನೀರು ನಮ್ಮ ಹೊಲ ಮುಳುಗಿಸಿ ಬೇವಿನ ಮರದ ಬುಡಕ್ಕೆ ಬಂದು ನಿಂತಿತ್ತು. ಮನೆಗೆ ಬಂದಿರಲಿಲ್ಲ. ಇವರ ಲೆಕ್ಕದಲ್ಲಿ ಹೊಳೆಯ ಕೊನೆಯ ಗೆರೆ ಆ ಬೇವಿನ ಮರ. ಅತ್ತೆಯದೂ ಅದೇ ಲೆಕ್ಕ. ನನ್ನದೂ ಅದೇ.

ಆದರೂ ಮಧ್ಯಾಹ್ನ ಅತ್ತೆ, ನಾದಿನಿ, ಮಕ್ಕಳನ್ನು ಟ್ರ್ಯಾಕ್ಟರಿನಲ್ಲಿ ಗುಡ್ಡದ ಕಡೆಗೆ, ದೊಡ್ಡಪ್ಪನ ಹೊಲದ ಮನೆಗೆ ಕಳಿಸಿದೆವು. ಮೂರು ಚೀಲ ಜೋಳ, ಬೀಜದ ಶೇಂಗಾ, ಪಾತ್ರೆ ಕಳಿಸಿದೆವು. ಎಮ್ಮೆ ಕಳಿಸಿದೆವು. ಎತ್ತುಗಳನ್ನು ಕಳಿಸಲಿಲ್ಲ. ಶರ್ಯತ್ತಿನ ಎತ್ತು, ಬೇರೆಯವರ ಕೈಗೆ ಬಗ್ಗುವುದಿಲ್ಲ, ಟ್ರ್ಯಾಲಿ ಏರುವಾಗ ಕಾಲು ಮುರಿದುಕೊಂಡರೆ ಎಂದು ಇವರ ಹೆದರಿಕೆ. ‘ರಾತ್ರಿ ತಂಪಿನ್ಯಾಗ ನಾನೇ ನಡಿಸಿಕೊಂಡು ಒಯ್ತೀನಿ’ ಎಂದರು. ನಾನೂ ಉಳಿದೆ. ಹಿಂದಿನ ಮನೆಯ ಅಮ್ಮ ಒಬ್ಬಾಕೆ ತನ್ನ ಆಡು ಬಿಟ್ಟು ಬರುವುದಿಲ್ಲ ಎಂದು ಕೂತಿದ್ದರು. ಅವರನ್ನು ನೋಡಿಕೊಳ್ಳುವುದು ನೆಪ. ನಿಜವೆಂದರೆ ನನಗೆ ಮನೆ ಬಿಡಲು ಮನಸ್ಸಿರಲಿಲ್ಲ.

ಸಂಜೆ ಆರಕ್ಕೆ ಕೊಣ್ಣೂರಿನಿಂದ ಫೋನ್. ಅಲ್ಲಿ ಸೇತುವೆಯ ಮೇಲೆ ನೀರು ಹರಿಯುತ್ತಿದೆ, ಹುಬ್ಬಳ್ಳಿ–ಸೊಲ್ಲಾಪುರ ರಸ್ತೆ ಬಂದ್ ಆಗಿದೆ ಎಂದು. ಎಂಟಕ್ಕೆ ಹೊಳೆಆಲೂರಿನಿಂದ. ಬೆಣ್ಣಿಹಳ್ಳವೂ ತುಂಬಿ ಬಂದಿದೆ, ಎರಡೂ ಕೂಡಿವೆ ಎಂದು. ಒಂಬತ್ತೂವರೆಗೆ ಹೊಳೆಯಾಚೆಯ ಮಾಲಕರದು. ಮೂರು ಅಡಿಯವರು. ನಮ್ಮೂರ ಸೇತುವೆಯ ಆ ತುದಿಯಲ್ಲಿ ನಿಂತಿದ್ದೇನೆ, ದಾಟಲು ಬಿಡುತ್ತಿಲ್ಲ ಎಂದರು. ಈ ಫೋನನ್ನು ಸ್ಪೀಕರಿಗೆ ಹಾಕಿದ್ದರು, ನಾನೂ ಕೇಳಿದೆ.

‘ನೀ ಇನ್ನೂ ಮನ್ಯಾಗ ಅದಿಯೇನಲೇ? ಎತ್ತು ಬಿಚ್ಚಲೇ ಮೊದಲ.’

ಆಗ ಇವರು ಎದ್ದರು.

ನಾವು ಕಾಯುತ್ತಿದ್ದದ್ದು ಹೊಳೆಯ ಕಡೆಯಿಂದ. ನೀರು ಬಂದದ್ದು ಬೆನ್ನ ಹಿಂದಿನಿಂದ. ನಮ್ಮ ಓಣಿಗೂ ಮೇಲಿನ ಊರಿಗೂ ನಡುವೆ ಒಂದು ತಗ್ಗಿದೆ. ಅದರ ಬದಿಗೆ ಹಳ್ಳ. ಹೊಳೆ ಏರಿದ್ದರಿಂದ ಹಳ್ಳದ ನೀರು ಹೊಳೆಗೆ ಇಳಿಯಲಾಗದೆ ಹಿಂದಕ್ಕೆ ತಿರುಗಿತ್ತು. ಹೊಳೆಯ ನೀರೂ ಅದರೊಂದಿಗೆ ಏರಿ ತಗ್ಗು ತುಂಬಿತ್ತು. ಸದ್ದಿಲ್ಲ. ಇವರು ಕಂದೀಲು ಹಿಡಿದು ದಾರಿ ನೋಡಲು ಹೋಗಿ ಹತ್ತು ಹೆಜ್ಜೆಗೆ ತಿರುಗಿ ಬಂದರು. ಮೊಳಕಾಲು ತನಕ ನೆನೆದಿದ್ದರು. ಏನೂ ಅನ್ನಲಿಲ್ಲ. ಕಂದೀಲು ಕೆಳಗಿಟ್ಟು ಗೋಡೆಗೆ ಒರಗಿ ನಿಂತರು. ಆಗ ನನಗೆ ಹೆದರಿಕೆ ಶುರುವಾಯಿತು. ಅಲ್ಲಿಯವರೆಗೆ ಇರಲಿಲ್ಲ.

ಕರೆಂಟು ಹೋಯಿತು. ಹತ್ತೂವರೆಗೆ ಅಂಗಳಕ್ಕೆ ನೀರು ಬಂತು. ಹನ್ನೊಂದಕ್ಕೆ ಹೊಸ್ತಿಲು ದಾಟಿತು. ಇವರು ಫೋನ್ ಮಾಡುತ್ತಲೇ ಇದ್ದರು. ಮೊದಲು ಸಹಾಯದ ನಂಬರಿಗೆ. ಆ ರಾತ್ರಿ ಇಡೀ ಹೊಳೆಸಾಲೇ ಕರೆಯುತ್ತಿತ್ತು, ಹತ್ತಲಿಲ್ಲ. ಆಮೇಲೆ ಮೇಲಿನ ಊರಿನ ಕಡೆ ಇದ್ದ ಇಬ್ಬರು ಎತ್ತಿನ ಮಾಲಕರಿಗೆ. ಅವರು ಪಕ್ಕದ ಹಳ್ಳಿಯವರು. ಅವರಿಗೆ ಒಂದೇ ಸಲಕ್ಕೆ ಹತ್ತಿತು. ನಾನು ಮಾಡಿದ ಕೆಲಸ ಇಷ್ಟು: ಆಧಾರ್ ಕಾರ್ಡು, ಪಾಸ್‌ಬುಕ್ಕು, ಹೊಲದ ಉತಾರ, ಬ್ಯಾಂಕಿನ ಬಂಗಾರದ ಚೀಟಿ, ಎಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೊಟ್ಟೆಗೆ ಕಟ್ಟಿಕೊಂಡೆ. ಹಿಂದಿನ ಮನೆಯ ಅಮ್ಮನನ್ನು ಆಡಿನ ಸಮೇತ ನಮ್ಮ ಕಟ್ಟೆಯ ಮೇಲೆ ತಂದು ಕೂಡಿಸಿದೆ. ಮಾಡದಲ್ಲಿ ಮಗಳು ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಜೋಡಿ ಮಣ್ಣೆತ್ತು ಇದ್ದವು. ತೆಗೆದುಕೊಳ್ಳಲು ಕೈ ಚಾಚಿದೆ. ಮತ್ತೆ ಬಿಟ್ಟೆ.

ಹನ್ನೆರಡರ ಸುಮಾರಿಗೆ ತಗ್ಗಿನ ಆಚೆ ಟ್ರ್ಯಾಕ್ಟರಿನ ದೀಪ ಕಂಡಿತು. ಆ ಇಬ್ಬರೂ ಟ್ರ್ಯಾಕ್ಟರಿನ ದೊಡ್ಡ ಟ್ಯೂಬಿಗೆ ಗಾಳಿ ತುಂಬಿಸಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಜಿ ಬಂದರು. ಹಗ್ಗದ ಇನ್ನೊಂದು ತುದಿ ಟ್ರ್ಯಾಕ್ಟರಿಗೆ. ತಗ್ಗಿನಲ್ಲಿ ಸೆಳವು ಇರಲಿಲ್ಲ, ಆಳ ಇತ್ತು. ಅವರು ಬಂದವರೇ ನನ್ನನ್ನು ನೋಡಿ, ‘ವೈನಿ, ಹೆದರಬ್ಯಾಡ್ರಿ’ ಎಂದರು. ಅವರಲ್ಲಿ ಒಬ್ಬರ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು.

ಟ್ಯೂಬಿನ ಮೇಲೆ ಅಮ್ಮ ಕೂರಲಾರರು. ಎಂಬತ್ತರ ಮೇಲಿನ ವಯಸ್ಸು. ತೆಪ್ಪ ಕಟ್ಟಬೇಕು ಎಂದರು. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಬಾಳೆದಿಂಡಿನ ತೆಪ್ಪ ಮಾಡಿ ಕೂಸುಗಳನ್ನು ಅದರಲ್ಲಿ ಕೂರಿಸಿ ನೀರಿನಲ್ಲಿ ಬಿಡುವ ಹರಕೆ ನಮ್ಮಲ್ಲಿದೆ. ನನ್ನ ಇಬ್ಬರು ಮಕ್ಕಳನ್ನೂ ಹಾಗೆ ಕೂರಿಸಿದ್ದೇನೆ. ಆದರೆ ಬಾಳೆ ಎಲ್ಲಿದೆ ಆ ಹೊತ್ತಿನಲ್ಲಿ? ಇದ್ದದ್ದು ಆ ಎರಡು ನೀಲಿ ಬ್ಯಾರಲ್. ಬೂಚು ಬಿಗಿದರು. ಎರಡರ ನಡುವೆ ಮೂರು ಅಡಿ ಬಿಟ್ಟು, ಮುಂದೆ ಶರ್ಯತ್ತಿನ ನೊಗವನ್ನು ಅಡ್ಡ ಇಟ್ಟರು, ಹಿಂದೆ ಒಂದು ಬಿದಿರು. ಹಗ್ಗದಿಂದ ಬಿಗಿದರು. ಒಂದೇ ಬ್ಯಾರಲ್ ಆದರೆ ಉರುಳುತ್ತದೆ, ಎರಡನ್ನು ದೂರ ಇಟ್ಟು ಕಟ್ಟಿದರೆ ಮಗುಚುವುದಿಲ್ಲ ಎಂದು ಒಬ್ಬರು ಕಟ್ಟುತ್ತಲೇ ಹೇಳಿದರು. ಎತ್ತಿನ ಜೋಡಿ ಹೂಡುವವರ ಲೆಕ್ಕ. ಮೇಲೆ ಹಾಸಲು ಹಲಗೆ ಬೇಕಿತ್ತು. ಇವರು ಹೋಗಿ ತಲೆಬಾಗಿಲ ಒಂದು ಕದ ಕಿತ್ತು ತಂದರು. ಬನಶಂಕರಿ ಜಾತ್ರೆಯಲ್ಲಿ ಕೊಂಡ ಬಾಗಿಲು. ಸಾಗವಾನಿ, ಕೆತ್ತನೆ ಮಾಡಿದ್ದು. ಮನೆಯಲ್ಲಿ ನಾನು ಮೆಚ್ಚಿ ತಂದ ವಸ್ತು ಅದೊಂದೇ.

ಮೊದಲ ಸಲಕ್ಕೆ ಅಮ್ಮ ಮತ್ತು ಆಡು. ಎರಡನೇ ಸಲಕ್ಕೆ ನಾನು. ಕದದ ಮೇಲೆ ಬೋರಲು ಮಲಗಲು ಹೇಳಿದರು. ಕೆತ್ತನೆಯ ಹೂವು ಗಲ್ಲಕ್ಕೆ ಚುಚ್ಚುತ್ತಿತ್ತು. ಒಬ್ಬರು ಹಿಂದಿನಿಂದ ನೂಕುತ್ತಿದ್ದರು. ನೀರು ಗೊಬ್ಬರದ ನಾತ, ಡೀಸೆಲ್ ನಾತ. ಏನೋ ಒಂದು ನನ್ನ ಕೈಮೇಲೆ ಹತ್ತಿತು. ಹಾವೆಂದು ಕೊಡವಿದೆ. ಹಾವೇ ಇದ್ದೀತು. ತಗ್ಗು ನೂರೈವತ್ತು ಹೆಜ್ಜೆ ಅಗಲ. ಪ್ರತಿ ದಿನ ನಡೆದು ದಾಟುತ್ತಿದ್ದ ಜಾಗ. ಅಲ್ಲಿ ಕೆಳಗೆ ಬೋರಿಂಗು ಇದೆ, ಇಲ್ಲಿ ಕೆಳಗೆ ಹುಣಸೆ ಕಟ್ಟೆ ಇದೆ ಎಂದು ಎಣಿಸುತ್ತಾ ಹೋದೆ.

ದಂಡೆ ಹತ್ತಿದ ಮೇಲೆ ಕಾಲು ನಿಲ್ಲಲಿಲ್ಲ. ಕೂತೆ.

ಎತ್ತುಗಳು ಈಜಬೇಕಿತ್ತು. ಎತ್ತು ಚೆನ್ನಾಗಿ ಈಜುತ್ತದೆ, ಮೂಗು ಮೇಲಿದ್ದರೆ ಸಾಕು. ಇವರು ಕೊಟ್ಟಿಗೆಗೆ ಹೋಗಿ ಎರಡನ್ನೂ ಬಿಚ್ಚಿ ತಂದರು. ಎಡಗಡೆಯದು ಮೊದಲು. ಅದರ ಹಗ್ಗ ಆ ಗೆಳೆಯರ ಕೈಯಲ್ಲಿ. ಟ್ರ್ಯಾಕ್ಟರಿನ ದೀಪದಲ್ಲಿ ಎರಡು ಕೋಡು, ಒಂದು ಮೂಗು ಬರುವುದು ಕಂಡಿತು. ಅದು ದಂಡೆ ಏರಿ ಮೈ ಕೊಡವಿ ನಿಂತಿತು. ಬಲಗಡೆಯದು ಇವರ ಕೈಯಲ್ಲಿ ಹಿಂದೆಯೇ ಬರುತ್ತಿತ್ತು. ಅರ್ಧಕ್ಕೆ ಬಂತು. ಟ್ರ್ಯಾಕ್ಟರಿನ ಎಂಜಿನ್ ಒಮ್ಮೆ ಜೋರಾಗಿ ಗುಡುಗಿತು. ಅದಕ್ಕೋ, ದೀಪ ಕಣ್ಣಿಗೆ ಹೊಡೆದಿದ್ದಕ್ಕೋ, ಎತ್ತು ತಿರುಗಿತು. ಹಗ್ಗ ಇವರ ಕೈಯಿಂದ ಜಾರಿತು. ಹೆದರಿದ ದನ ಕೊಟ್ಟಿಗೆಗೇ ಓಡುತ್ತದೆ. ಅಲ್ಲಿ ನೀರು ಇದೆಯೋ ಬೆಂಕಿ ಇದೆಯೋ ಅದಕ್ಕೆ ಲೆಕ್ಕವಿಲ್ಲ.

ಇವರೂ ತಿರುಗಿದರು.

‘ಬ್ಯಾಡ್ರಿ, ಬರ್ರಿ ಈ ಕಡೆ’ ಎಂದು ನಾನು ಕೂಗಿದೆ. ಮಕ್ಕಳ ಹೆಸರು ಹೇಳಿ ಕೂಗಿದೆ. ನನ್ನ ಬೋರಮಾಳ ಸರದ ಹೆಸರೂ ಹೇಳಿ ಬೈದೆ. ಅಷ್ಟು ಜನರ ಮುಂದೆ ಗಂಡನನ್ನು ಬೈದದ್ದು ಅದೇ ಮೊದಲು. ಇವರು ಕತ್ತಲೊಳಗೆ ಹೋದರು. ಗೆಳೆಯರಲ್ಲಿ ಒಬ್ಬರು ಹಿಂದೆ ಹೋಗಲು ಇಳಿದರು. ಆ ಹೊತ್ತಿಗೆ ನೀರು ಇನ್ನೂ ಏರಿತ್ತು. ಹೊಳೆಯ ಸೆಳವು ಓಣಿಗೂ ಹೊಕ್ಕಿತ್ತು. ಹಗ್ಗ ಮುಗಿಯುವ ತನಕ ಹೋಗಿ ತಿರುಗಿ ಬಂದರು. ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ನಾನು ಏನೂ ಅನ್ನಲಿಲ್ಲ.

ಬೆಳಗಾಗುವ ತನಕ ನಾವು ಅಲ್ಲೇ ಕೂತೆವು. ಟ್ರ್ಯಾಕ್ಟರಿನ ದೀಪವನ್ನು ಅರ್ಧ ತಾಸಿಗೊಮ್ಮೆ ಹಚ್ಚಿ ಆರಿಸುತ್ತಿದ್ದರು, ಇವರಿಗೆ ದಿಕ್ಕು ಗೊತ್ತಾಗಲಿ ಎಂದು. ಇವರ ಫೋನ್ ಸತ್ತಿತ್ತು. ಗೆಳೆಯರ ಫೋನಿಗೆ ಕರೆ ಬರುತ್ತಲೇ ಇತ್ತು. ಕೊಣ್ಣೂರಿನಿಂದ, ಹೊಳೆಆಲೂರಿನಿಂದ. ‘ಬಂದನೇನು?’ ಎಂದು. ಹೊಳೆಯಾಚೆಯ ಮಾಲಕರು ಕಾಲು ತಾಸಿಗೊಮ್ಮೆ ಮಾಡುತ್ತಿದ್ದರು. ಅವರಿಗೆ ಆ ದಂಡೆಯಿಂದ ನಮ್ಮ ದೀಪ ಹತ್ತಿ ಆರುವುದು ಕಾಣುತ್ತಿತ್ತಂತೆ. ಅವರದೂ ಒಂದು ಎತ್ತು ಅದೇ ಸಂಜೆ ಹೋಗಿತ್ತು. ಆ ರಾತ್ರಿ ಹೇಳಲಿಲ್ಲ.

ನಾನು ದೇವರ ಹೆಸರು ಹೇಳಿದೆನೋ ಇಲ್ಲವೋ ನೆನಪಿಲ್ಲ. ಮೊಟ್ಟೆ ಹಾಲಿನ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ದಿನಕ್ಕೆ ಎಂಟು, ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು. ನಿಲ್ಲಿಸಲು ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರರ ಮೇಲೆ ಮಂಜುಗಣ್ಣಿಗೆ ಕೊಟ್ಟಿಗೆಯ ಗೋಡೆ ಕಂಡಿತು. ಕಲ್ಲಿನ ಗೋಡೆ, ಮೇಲೆ ತಗಡು. ತಗಡಿನ ಮೇಲೆ ಇವರು ಕೂತಿದ್ದರು. ಏಳೂವರೆಗೆ ನಾಲ್ಕು ಜನ ತೆಪ್ಪ ಒಯ್ದು ಕರೆತಂದರು. ಅಂಗೈ ಎರಡೂ ಹಗ್ಗ ಎಳೆದು ಸುಲಿದಿದ್ದವು. ಮಾತಾಡಲಿಲ್ಲ. ಚಾ ಕೊಟ್ಟರೆ ಬಟ್ಟಲು ಹಿಡಿಯಲಾಗಲಿಲ್ಲ. ಹೊಳೆಯಾಚೆಯವರ ಫೋನ್ ಬಂತು. ಗೆಳೆಯರು ಇವರ ಕಿವಿಗೆ ಹಿಡಿದರು. ಆ ಕಡೆಯಿಂದ ಏನು ಹೇಳಿದರೋ ಗೊತ್ತಿಲ್ಲ. ಇವರು ‘ಹೂಂ’ ಎಂದರು.

ಆ ರಾತ್ರಿ ಏನಾಯಿತೆಂದು ಇವರು ನನಗೆ ಒಂದೇ ಸಲ ಹೇಳಿದ್ದಾರೆ. ಅಷ್ಟನ್ನೇ ಬರೆಯುತ್ತೇನೆ. ಎತ್ತು ಕೊಟ್ಟಿಗೆಯಲ್ಲಿ ತನ್ನ ಜಾಗದಲ್ಲೇ, ಗ್ವಾದಲಿಯ ಮುಂದೆ ನಿಂತಿತ್ತು. ನೀರು ಅದರ ಎದೆಗೆ ಬಂದಿತ್ತು. ಹೊರಗೆ ಎಳೆದರೆ ಬರಲಿಲ್ಲ. ಇವರು ಗೋಡೆ ಏರಿ, ಹಗ್ಗವನ್ನು ತೊಲೆಯ ಮೇಲಿಂದ ಹಾಕಿ, ಅದರ ತಲೆ ಮೇಲೆತ್ತಿ ಹಿಡಿದರು. ಎರಡು ತಾಸು ಹಿಡಿದಿದ್ದರು. ಮೂರು ಗಂಟೆಯ ಮೇಲೆ ಕೈ ಸೋತಿತು, ನೀರು ಕೊರಳಿಗೆ ಬಂತು. ಕಟ್ಟಿದ್ದರೆ ಅಲ್ಲೇ ಸಾಯುತ್ತದೆ, ಬಿಟ್ಟರೆ ಈಜೀತು ಎಂದು ಕುಡುಗೋಲಿನಿಂದ ಹಗ್ಗ ಕೊಯ್ದರು. ಅದು ಬಾಗಿಲಿನಿಂದ ಹೊರಗೆ ಹೋಯಿತು. ಸೆಳವು ಎಳೆಯಿತು. ಒಮ್ಮೆ ಕೂಗಿದ್ದು ಕೇಳಿಸಿತು.

ಎಂಟು ದಿನ ಶಾಲೆಯ ಪರಿಹಾರ ಕೇಂದ್ರದಲ್ಲಿದ್ದೆವು. ಅನ್ನ ಸಾರು ಸಿಗುತ್ತಿತ್ತು. ಎಲ್ಲೆಲ್ಲಿಂದಲೋ ರೊಟ್ಟಿಯ ಗಂಟು ಬರುತ್ತಿತ್ತು. ಯಾರೋ ಹೆಂಗಸರು ಬಡಿದ ಖಡಕ್ ರೊಟ್ಟಿ, ಚೀಲಗಟ್ಟಲೆ. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತ ಚಿತ್ರ ಪೇಪರಿನಲ್ಲಿ ಬಂದಿತ್ತು. ಅದನ್ನು ನೋಡಿದಾಗ ಇವರು ಮೊದಲ ಬಾರಿಗೆ ಬಾಯಿ ಬಿಟ್ಟು, ‘ಅಲ್ಲಿ ತನಕ ಹೋಗಿರ್ತೈತಿ’ ಎಂದರು.

ನೀರು ಇಳಿದ ಮೇಲೆ ಮನೆಗೆ ಹೋದೆವು. ಹಿಂದಿನ ಗೋಡೆ ಬಿದ್ದಿತ್ತು. ಒಳಗೆ ಮೊಳಕಾಲುದ್ದ ರಾಡಿ. ಉಳಿದಿದ್ದ ಒಂದು ಚೀಲ ಜೋಳ ಉಬ್ಬಿ ಚೀಲ ಹರಿದು ಮೊಳಕೆ ಬಂದಿತ್ತು. ಮಾಡದಲ್ಲಿ ಮಣ್ಣೆತ್ತುಗಳ ಜಾಗದಲ್ಲಿ ಒಂದು ಮುಷ್ಟಿ ಕೆಸರು. ಬೇವಿನ ಮರದ ಮೇಲೆ, ಜೋಕಾಲಿಯ ಹಗ್ಗ ಕಟ್ಟಿದ ಕೊಂಬೆಯ ಹತ್ತಿರ, ಕಸ ಕಡ್ಡಿ ಸಿಕ್ಕಿಕೊಂಡಿತ್ತು. ನೀರು ಅಲ್ಲಿ ತನಕ ಬಂದಿತ್ತು.

ಹೋದ ಎತ್ತು ಪಟ್ಟದಕಲ್ಲಿನ ಕೆಳಗೆ ಸಿಕ್ಕಿತು. ಅಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗುತ್ತದೆ. ಆ ಕಡೆಯ ಒಬ್ಬ ಮಾಲಕರು ನೀರು ಇಳಿದಂತೆ ದಿನಾ ದಂಡೆಯುದ್ದಕ್ಕೂ ನಡೆದು ನೋಡುತ್ತಿದ್ದರಂತೆ. ಜಾಲಿಕಂಟಿಯಲ್ಲಿ ಸಿಕ್ಕಿಕೊಂಡಿತ್ತು. ದೃಷ್ಟಿಯಾಗಬಾರದೆಂದು ನಾನು ಕಟ್ಟಿದ್ದ ಕರಿದಾರ, ಅದರಲ್ಲಿ ಏಳು ಕವಡೆ. ಅದರಿಂದ ಗುರುತು ಹಿಡಿದರು. ಫೋನ್ ಮಾಡಿದರು.

‘ನೋಡಾಕ ಬರಬ್ಯಾಡ. ಫೋಟೊನೂ ಕಳಸಲ್ಲ. ದನದ ಡಾಕ್ಟರನ್ನ ಕರಿಸಿ ಪಂಚನಾಮೆ ಮಾಡ್ಸೀನಿ. ಉಪ್ಪು ಹಾಕಿ ಹುಗದೀನಿ.’

ಎಳೆಯುವ ಎತ್ತು ಸತ್ತರೆ ಆಗ ಸರಕಾರದ ಪರಿಹಾರ 25,000 ರೂಪಾಯಿ ಇತ್ತು. ಪಂಚನಾಮೆ ಇಲ್ಲದಿದ್ದರೆ ಅದೂ ಇಲ್ಲ. ನಮಗೆ ಆ ಹೊತ್ತಿನಲ್ಲಿ ಅದು ಹೊಳೆದಿರಲಿಲ್ಲ. ಅವರಿಗೆ ಹೊಳೆದಿತ್ತು. ಕವಡೆಯ ದಾರವನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ತೊಳೆದು ಕಳಿಸಿದ್ದರು.

ತಕ್ಷಣಕ್ಕೆಂದು ಎಲ್ಲ ಮನೆಗಳಿಗೂ ಕೊಟ್ಟ 10,000 ನಮಗೂ ಬಂತು. ನಾವು ಮೇಲಿನ ಊರಲ್ಲಿ ತಗಡಿನ ಶೆಡ್ಡು ಹಾಕಿಕೊಂಡೆವು. ಅದರ ಗೋಡೆಯ ಮೇಲೆ ನಾನು ಇದ್ದಿಲಿನಿಂದ ಎಲ್ಲ ಮಾಲಕರ ನಂಬರು ಬರೆದೆ. ಮೇಲಿನಿಂದ ಕೆಳಕ್ಕೆ, ಹೊಳೆ ಹರಿದು ಬರುವ ಕ್ರಮದಲ್ಲಿ. ಮುನವಳ್ಳಿ ಮೊದಲು, ಹುನಗುಂದ ಕೊನೆಗೆ.

ಅಕ್ಟೋಬರಿನಲ್ಲಿ ಹೊಳೆ ಮತ್ತೆ ಏರಿತು. ಆ ಸಲ ರಾಮದುರ್ಗದ ಫೋನ್ ಬಂದಾಗ ಇವರು ಮನೆಯಲ್ಲಿರಲಿಲ್ಲ. ನಾನು ಎತ್ತಿದೆ. ಇಟ್ಟ ಕೂಡಲೇ ಪಟ್ಟದಕಲ್ಲಿನವರಿಗೆ ಮಾಡಿದೆ. ಹೆಂಗಸಿನ ದನಿ ಕೇಳಿ ಅವರಿಗೆ ತಿಳಿಯಲಿಲ್ಲ. ‘ಯಾರವಾ?’ ಎಂದರು. ಕವಡೆ ಕಟ್ಟಿದವಳು ಎಂದೆ. ಸುಮ್ಮನಾದರು. ಆಮೇಲೆ, ‘ಎಷ್ಟ ಬಂದೈತಿ, ವೈನಿ?’ ಎಂದು ಕೇಳಿದರು.

ಉಳಿದ ಎತ್ತು ಮೊದಲ ಒಂದು ತಿಂಗಳು ಸರಿಯಾಗಿ ಮೇಯಲಿಲ್ಲ. ಬಲಗಡೆಗೆ ಜಾಗ ಬಿಟ್ಟೇ ನಿಲ್ಲುತ್ತಿತ್ತು. ಎಡಕ್ಕೆ ಹೂಡಿ ರೂಢಿಯಾದ ಎತ್ತನ್ನು ಬಲಕ್ಕೆ ಹೂಡಲು ಬರುವುದಿಲ್ಲ, ಒಂಟಿ ಎತ್ತಿಗೆ ಶರ್ಯತ್ತಿಲ್ಲ. ಇನ್ನೊಂದು ಕೊಳ್ಳಲು ರೊಕ್ಕವಿಲ್ಲ. ಮಾರಿಬಿಡೋಣ ಎಂದು ನಾನು ಹೇಳಿದೆ. ಹೇಳಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಇವರು ಮೂರು ತಿಂಗಳು ಉತ್ತರ ಕೊಡಲಿಲ್ಲ.

2020ರ ಜನವರಿ 10ಕ್ಕೆ ಬನದ ಹುಣ್ಣಿಮೆ. ಜಾತ್ರೆ ಎಂದಿನಂತೆ ತುಂಬಿತು. ನಾಟಕದ ಕಂಪನಿಗಳು ಬಂದವು, ಬಾಗಿಲು ಚೌಕಟ್ಟು ಮಾರುವವರು ಸಾಲಾಗಿ ಕೂತರು. ಮಾಲಕರು ಬಂದು ನಮ್ಮ ಶೆಡ್ಡಿನ ಮುಂದೆಯೇ ಇಳಿದರು. ಹೊಳೆಯಾಚೆಯವರೂ ಬಂದರು. ಅವರಲ್ಲಿ ಉಳಿದದ್ದು ಬಲಗಡೆಯ ಎತ್ತು. ನಮ್ಮಲ್ಲಿ ಎಡಗಡೆಯದು. ಊಟದ ಹೊತ್ತಿನಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಟೇಪು ಗಾಲಿಯಿಂದ ಹಿಡಿಯಬೇಕೋ ನೊಗದಿಂದ ಹಿಡಿಯಬೇಕೋ ಎಂದು ಮತ್ತೆ ಜಗಳವಾಯಿತು. ಕೈ ತೊಳೆದ ಮೇಲೆ ಇವರೂ ಹೊಳೆಯಾಚೆಯವರೂ ಟವೆಲ್ಲಿನ ಕೆಳಗೆ ಕೈ ಇಟ್ಟು ವ್ಯಾಪಾರ ಮಾಡಿದರು. ಎಷ್ಟಕ್ಕೆ ಎಂದು ಇವರು ನನಗೂ ಹೇಳಲಿಲ್ಲ. ಮೂರು ತಿಂಗಳ ಮೇಲೆ ಬೋರಮಾಳ ಸರ ಮನೆಗೆ ಬಂತು.

ಜಾತ್ರೆ ಮುಗಿದ ಮೇಲೆ ಒಂದು ಮುಂಜಾನೆ ಹೊಳೆಯಾಚೆಯವರು ಎತ್ತು ಒಯ್ಯಲು ಬಂದರು. ಟ್ರ್ಯಾಲಿ ಬೇಡ, ನಡೆಸಿಕೊಂಡು ಹೋಗುತ್ತೇನೆ ಎಂದರು. ಇವರು ಶೆಡ್ಡಿನಿಂದ ಹೊರಗೆ ಬರಲಿಲ್ಲ. ನಾನು ಸೇತುವೆ ತನಕ ಹೋದೆ. ಕೆಳಗೆ ಹೊಳೆಯಲ್ಲಿ ಇನ್ನೂ ನೀರಿತ್ತು. ಎತ್ತು ಸೇತುವೆಯ ಬಾಯಿಗೆ ಬಂದು ನಿಂತಿತು. ಮುಂದೆ ಕಾಲಿಡಲಿಲ್ಲ. ಮೈ ನಡುಗುತ್ತಿತ್ತು.

ಅವರು ಹಗ್ಗ ಎಳೆಯಲಿಲ್ಲ. ಹಿಂದಿನಿಂದ ಹೊಡೆಯಲು ಬಂದ ಒಬ್ಬ ಹುಡುಗನನ್ನು ಗದರಿಸಿ ಕಳಿಸಿದರು. ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದರು. ಜಾತ್ರೆಯಿಂದ ಮರಳುತ್ತಿದ್ದ ಇನ್ನೂ ಮೂವರು ಮಾಲಕರು ಕಂಡು ನಿಂತರು, ಅವರೂ ಕೂತರು. ಒಬ್ಬರು ಹೋಗಿ ಚಾ ತಂದರು. ನನಗೂ ಒಂದು ಕೊಟ್ಟರು. ಬಸ್ಸುಗಳು ಹಾರ್ನ್ ಹಾಕಿ ಪಕ್ಕದಲ್ಲಿ ಹೋದವು. ಯಾರೂ ಅವಸರ ಮಾಡಲಿಲ್ಲ.

ಒಂಬತ್ತಕ್ಕೆ ಬಂದಿದ್ದೆವು. ಹತ್ತೂವರೆಗೆ ನಾನು ಎದ್ದು ಎತ್ತಿನ ಬಲಗಡೆಗೆ, ಆ ಖಾಲಿ ಜಾಗಕ್ಕೆ ಹೋಗಿ ನಿಂತೆ. ಕೊರಳ ಮೇಲೆ ಕೈಯಿಟ್ಟೆ. ಹಾಗೆ ನಡೆಯಿತು. ಸೇತುವೆಯ ಆ ತುದಿಗೆ ಹಗ್ಗ ಅವರ ಕೈಗೆ ಕೊಟ್ಟು ತಿರುಗಿ ಬಂದೆ.